ಇನ್ನೂ ಸಡ್ಲ ಐತಿ

ಚಾಕ್‌ಪೀಸಿಗೆ ಹಳೆಯ ಪೇಪರಿನ ಚೂರು ಸುತ್ತಿ ಹಿಡಿಯುತ್ತಿದ್ದರು ನನ್ನ ಪಿಎಚ್‌ಡಿ ಗೈಡ್. ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದು ಬೆರಳ ತುದಿಗಳು ಒಡೆದಿದ್ದವು; ಚಳಿಗಾಲದಲ್ಲಿ ರಕ್ತ ಜಿನುಗುತ್ತಿತ್ತು. ಆದರೂ ಸ್ಲೈಡು ಹಾಕಲಿಲ್ಲ. "ಕೈಲೆ ಬರದ್ರ ತಪ್ಪು ಲಗೂನ ಸಿಗತಾವು," ಅನ್ನುತ್ತಿದ್ದರು.

ನಾನು ಖಾನಾಪುರದ ಹಂಚಿನ ಕಾರ್ಖಾನೆಯ ಕೂಲಿಯೊಬ್ಬನ ಮಗಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಹೇಳಿಕೊಳ್ಳಲು ಸಂಕೋಚವಿಲ್ಲ. ದಿನಾ ಬೆಳಗಾವಿಗೆ ರೈಲಿನಲ್ಲಿ, ಬಹುತೇಕ ನಿಂತುಕೊಂಡೇ, ಹೋಗಿಬರುತ್ತಿದ್ದೆ.

ನಮ್ಮ ಕೆಲಸ ಗಣಿತದ ಅಸಮತೆಗಳದು. ಅಂಚಿನಲ್ಲಿ ಸೊನ್ನೆಯಾಗುವ ಒಂದು ವಕ್ರರೇಖೆಯ ಎರಡನೆಯ, ಮೂರನೆಯ ಡೆರಿವೇಟಿವ್‌ಗಳು ಎಷ್ಟು ದೊಡ್ಡವೆಂದು ಗೊತ್ತಿದ್ದರೆ, ಆ ರೇಖೆಯೇ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಮಿತಿ ಹಾಕುವುದು. ಅಳತೆಯೂ ಎಲ್ಲ ಕಡೆ ಒಂದೇ ಅಲ್ಲ, ಅಂಚಿನ ಹತ್ತಿರ ತೂಕ ಹೆಚ್ಚು. ಆ ಮಿತಿಯಲ್ಲೊಂದು ಸ್ಥಿರಾಂಕ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಇಳಿಸಿದರೂ ಅಸಮತೆ ಸುಳ್ಳಾಗಬೇಕು. ಆಗಲೇ ಅದು ಬಿಗಿ. ನಾನು ಒಯ್ದ ಹಾಳೆಗಳನ್ನೆಲ್ಲ ಸರ್ ಮೂಗಿನ ಹತ್ತಿರ ಹಿಡಿದು ನೋಡಿ, "ಇನ್ನೂ ಸಡ್ಲ ಐತಿ, ತಂಗಿ" ಎಂದು ವಾಪಸ್ ಕೊಡುತ್ತಿದ್ದರು. ಎರಡು ವರ್ಷ ಇದೇ ಮಾತು ಕೇಳಿ ದಣಿದಿದ್ದೆ.

ಮೂರನೆಯ ವರ್ಷ ನನಗೆ ಸಡಿಲು ಕಂಡದ್ದು ಅವರದೇ ಸ್ಥಿರಾಂಕದಲ್ಲಿ. ಅವರಿಗೆ ಹೆಸರು ತಂದಿದ್ದ ಹಳೆಯ ಪ್ರಬಂಧದ್ದು ಅದು. ನನ್ನ ಥೀಸಿಸ್ ನಿಂತಿದ್ದೂ ಅದರ ಮೇಲೆಯೇ. ಮೊದಲ ಡೆರಿವೇಟಿವಿನ ಬಿಗಿ ಅಸಮತೆಯನ್ನು ಎರಡು ಸಲ ಹಚ್ಚಿ, ಎರಡೂ ಹೆಜ್ಜೆ ಬಿಗಿಯಾದ್ದರಿಂದ ಒಟ್ಟು ಫಲವೂ ಬಿಗಿ ಅಂದಿದ್ದರು. ಆದರೆ ಮೊದಲ ಹೆಜ್ಜೆಯಲ್ಲಿ ಮಿತಿಯನ್ನು ಮುಟ್ಟುವ ರೇಖೆ ಬೇರೆ, ಎರಡನೆಯದರಲ್ಲಿ ಬೇರೆ. ಎರಡೂ ಕಡೆ ಮುಟ್ಟುವ ಒಂದೇ ರೇಖೆ ಇರಲಿಲ್ಲ. ಸ್ಥಿರಾಂಕ ಇನ್ನೂ ಇಳಿಯುತ್ತಿತ್ತು.

ಸರ್ ಮುನಿದರೆ ಥೀಸಿಸ್ ಹೋಗುತ್ತದೆ. ಹಂಚು ಹೊತ್ತು ಓದಿಸಿದ ಅಪ್ಪನಿಗೆ ಏನು ಹೇಳಲಿ? ಒಂದು ತಿಂಗಳು ಸುಮ್ಮನಿದ್ದೆ. ಕೊನೆಗೆ ಒಂದು ಮಧ್ಯಾಹ್ನ, ಎಂ.ಎಸ್ಸಿ ಕ್ಲಾಸು ಮುಗಿಸಿ ಅವರು ತಮ್ಮ ಕೋಣೆಗೆ ಬಂದು ಕೂತಾಗ ಹಾಳೆ ಮುಂದಿಟ್ಟೆ.

ಬಹಳ ಹೊತ್ತು ಓದಿದರು. ಮತ್ತೆ ಮೊದಲಿನಿಂದ ಓದಿದರು.

"ಅಂದ್ರ ನಂದೂ ಸಡ್ಲ ಐತಿ. ಯಾವಾಗ ಗೊತ್ತಾತು?"

"ಒಂದ್ ತಿಂಗಳಾತ್ರಿ ಸರ್."

"ಯಾಕ ಹೇಳಲಿಲ್ಲ?"

"ಸಿಟ್ಟಾಗ್ತೀರಿ ಅಂತ್ರಿ."

"ಈಗ ಬಂತು ನೋಡು ಸಿಟ್ಟು. ತಿಂಗಳಪೂರ್ತಿ ಆ ಹುಡುಗರಿಗೆ ಇದನ್ನ ಕಲಿಸೇನಿ. ಈಗೂ ಬೋರ್ಡಿನ ಮ್ಯಾಲ ಐತಿ."

ಎದ್ದು ನಡೆದರು. ನಾನು ಹಿಂದೆ ಹೋದೆ. ಹುಡುಗರು ಇನ್ನೂ ಕ್ಲಾಸಿನಲ್ಲಿ ಬರೆದುಕೊಳ್ಳುತ್ತಿದ್ದರು. ಸರ್ ಚಾಕ್‌ಪೀಸಿಗೆ ಪೇಪರು ಸುತ್ತಿ ನನ್ನ ಕೈಗೆ ಕೊಟ್ಟರು.

"ನಾ ಹೇಳಿದ್ದು ತಪ್ಪೈತಿ. ಈಕಿ ಹೇಳ್ತಾಳ, ಬರಕೊಳ್ರಿ."

ಹಿಂದಿನ ಬೆಂಚಿನಲ್ಲಿ ಕೂತು, ಪಕ್ಕದವನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡು, ತಾವೂ ಬರೆದುಕೊಂಡರು.

ಆ ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೆ ತಿದ್ದುಪಡಿ ಅವರೇ ಕಳಿಸಿದರು. ನನ್ನ ಥೀಸಿಸ್ ಮುಗಿಯಲು ಮತ್ತೆರಡು ವರ್ಷ ಹಿಡಿಯಿತು. ಒಂದು ಅಧ್ಯಾಯಕ್ಕೂ ರಿಯಾಯಿತಿ ಸಿಗಲಿಲ್ಲ.

ಹೋದ ಚಳಿಗಾಲದಲ್ಲಿ ಸರ್ ತೀರಿಕೊಂಡರು. ನಾನೀಗ ಖಾನಾಪುರದಲ್ಲೇ ಪಾಠ ಮಾಡುತ್ತೇನೆ. ಕೊನೆಯ ಕ್ಲಾಸಿನ ಹೊತ್ತಿಗೆ ಕಾಲು ಸೋತಿರುತ್ತವೆ, ಹೇಗೋ ಮುಗಿಸಿದರೆ ಸಾಕು ಅನಿಸುತ್ತದೆ. ಆಗ ಯಾವ ಹುಡುಗಿಯಾದರೂ ಬೋರ್ಡು ನೋಡಿ, ಏನೋ ಹೇಳಹೋಗಿ ಸುಮ್ಮನಾದರೆ, ಚಾಕ್‌ಪೀಸಿಗೆ ಪೇಪರು ಸುತ್ತಿ ಅವಳ ಕೈಗೆ ಕೊಟ್ಟು, ಹಿಂದಿನ ಬೆಂಚಿಗೆ ಹೋಗಿ ಕೂಡುತ್ತೇನೆ.