ಬಾಲಕ್ಕನ ಮೊಣಕಾಲು

ಬೆಳಕು ಹರಿಯುವ ಹೊತ್ತು. ಹಳೇ ಪೇಟೆಯ ಅಂಗಡಿಗಳು ಇನ್ನೂ ಬಾಗಿಲು ತೆರೆದಿಲ್ಲ. ಟಿಕೆಟ್ ಕೌಂಟರಿನ ಪಕ್ಕದ ಕಬ್ಬಿಣದ ಗೇಟಿನ ಬೀಗ ತೆಗೆದು, ಕೊರಳಿಗೆ ಟಾರ್ಚು ನೇತುಹಾಕಿಕೊಂಡು, ಒಂದು ಕೈಯಲ್ಲಿ ಒಣಬಟ್ಟೆ, ಇನ್ನೊಂದರಲ್ಲಿ ಉದ್ದ ಹಿಡಿಯ ಪೊರಕೆ ಹಿಡಿದ ಹೆಂಗಸೊಬ್ಬರು ನೆಲದೊಳಗೆ ಇಳಿಯುತ್ತಾರೆ. ಮೊದಲ ತಿರುವು ದಾಟಿದ ಮೇಲೆ ಅವರು ಕಾಣುವುದಿಲ್ಲ, ಕೆಮ್ಮು ಮಾತ್ರ ಕೇಳುತ್ತದೆ. ಒಂದೊಂದಾಗಿ ದೀಪ ಹತ್ತಿಸುತ್ತಾ, ರಾತ್ರಿ ಒಸರಿದ ನೀರನ್ನು ಮೆಟ್ಟಿಲಿನಿಂದ ಒರೆಸುತ್ತಾ, ತಲೆಯೆತ್ತರದಲ್ಲಿ ಜೇಡ ನೇಯ್ದದ್ದನ್ನೆಲ್ಲ ಪೊರಕೆಗೆ ಸುತ್ತಿಕೊಳ್ಳುತ್ತಾ ಮುಂದೆ ಹೋಗುತ್ತಾರೆ.

"ನನ್ನ ಮುಖಕ್ಕೆ ಬಲೆ ಅಂಟಿದ್ರೆ ಒರೆಸ್ಕೋತೀನಿ. ನೋಡೋಕೆ ಬಂದೋರ ಮುಖಕ್ಕೆ ಅಂಟಿದ್ರೆ ಕಿರುಚ್ತಾರೆ. ಒಬ್ರು ಕಿರುಚಿದ್ರೆ ಮುಗೀತು, ಇಡೀ ಗುಂಪೇ ಕಿರುಚುತ್ತೆ" ಎನ್ನುತ್ತಾರೆ.

ಈ ಊರಿನ ಕೆಳಗೆ ಇನ್ನೊಂದು ಊರೇ ಇದೆ. ಅರಸರ ಕಾಲದ ಧಾನ್ಯದ ಕೋಣೆಗಳು, ಕಂಬಗಳ ಮೇಲೆ ನಿಂತ ದೊಡ್ಡ ನೀರಿನ ತೊಟ್ಟಿ, ಮುತ್ತಿಗೆ ಬಿದ್ದಾಗ ಜನ ಅಡಗಿಕೊಳ್ಳುತ್ತಿದ್ದ ಸುರಂಗ. ಮೇಲೆ ಬಸ್ಸು ಹೋದರೆ ಕೆಳಗೆ ಗೋಡೆ ಗುಂಯ್‌ಗುಟ್ಟುತ್ತದೆ. ಇದನ್ನು ನೋಡಲು ದಿನಕ್ಕೆ ಆರೇಳು ಗುಂಪು ಇಳಿಯುತ್ತವೆ. ಮುಂದೆ ಗೈಡ್ ಕಥೆ ಹೇಳುತ್ತಾ ನಡೆಯುತ್ತಾರೆ. ಎಲ್ಲರ ಹಿಂದೆ, ಯಾರೂ ಕತ್ತಲಲ್ಲಿ ಉಳಿದುಬಿಡದಂತೆ ನೋಡಿಕೊಳ್ಳುತ್ತಾ ಇವರು ನಡೆಯುತ್ತಾರೆ. ಮೆರವಣಿಗೆಯ ಬಾಲವಾದ್ದರಿಂದ ಜೊತೆಯವರ ಬಾಯಲ್ಲಿ ಇವರು ಬಾಲಕ್ಕ. ಹದಿನಾರು ವರ್ಷದಿಂದ ಇದೇ ಕೆಲಸ. ಗೈಡಿನ ಕಥೆ ಮಾತ್ರ ಇವರಿಗೆ ಪೂರ್ತಿ ಗೊತ್ತಿಲ್ಲ. "ಹಿಂದಕ್ಕೆ ಬರೋಷ್ಟರಲ್ಲಿ ಅರ್ಧ ಗೋಡೆ ನುಂಗಿರುತ್ತೆ. ಯಾವುದೋ ರಾಣಿ ಓಡಿಹೋದ್ಲು ಅನ್ನೋದು ಕೇಳ್ಸುತ್ತೆ, ಯಾಕೆ ಓಡಿಹೋದ್ಲು ಅನ್ನೋದು ಇವತ್ತಿಗೂ ಗೊತ್ತಿಲ್ಲ."

ಸುರಂಗದ ನಡುವೆ ಒಂದು ಜಾಗವಿದೆ. ಕೆಲಸದವರು ಅದನ್ನು ಇಕ್ಕಟ್ಟು ಎಂದೇ ಕರೆಯುತ್ತಾರೆ. ಎತ್ತರದವರು ಅಲ್ಲಿ ಬಗ್ಗಬೇಕು, ಹೊಟ್ಟೆಯವರು ಪಕ್ಕಕ್ಕೆ ತಿರುಗಬೇಕು. ನಾನು ಎರಡನ್ನೂ ಮಾಡಬೇಕಾದವನು. ಬಾಲಕ್ಕನ ಬಗ್ಗೆ ಬರೆಯಲೆಂದು ಹೋದ ದಿನ ಗುಂಪಿನ ಕೊನೆಯಲ್ಲಿ, ಅವರ ಮುಂದೆಯೇ ಇದ್ದೆ. ಇಕ್ಕಟ್ಟಿಗೆ ಕಾಲಿಟ್ಟಿದ್ದೇ ತಡ, ಮುಂದಿನ ಹೆಜ್ಜೆ ಏಳಲಿಲ್ಲ, ಇನ್ನೂ ಎಷ್ಟು ದೂರ ಎಂದು ಎರಡು ಸಲ ಕೇಳಿದೆ. ಪತ್ರಕರ್ತನೆಂಬ ಬಿಗುಮಾನದಿಂದ ಹಲ್ಲು ಕಚ್ಚಿ ನಿಂತಿದ್ದಾಗ ಹಿಂದಿನಿಂದ ಮೆಲುದನಿ ಕೇಳಿತು: "ಸಾರ್, ಒಂದು ಉಪಕಾರ ಮಾಡ್ತೀರಾ? ಮೊಣಕಾಲು ಹಿಡ್ಕೊಂಡ್ಬಿಟ್ಟಿದೆ. ಮೇಲಿನ ತನಕ ಸ್ವಲ್ಪ ಕೈ ಕೊಟ್ರೆ..."

ಹೋದ ಜೀವ ಬಂದಂತಾಯಿತು. "ಬನ್ನಿ, ಬನ್ನಿ" ಎಂದು ಅವರ ಕೈ ಹಿಡಿದೆ, ಟಾರ್ಚನ್ನೂ ನಾನೇ ಇಸಿದುಕೊಂಡೆ, ಮೆಟ್ಟಿಲು ಮೆಟ್ಟಿಲಿಗೂ ಜೋಪಾನ ಹೇಳುತ್ತಾ ಮೇಲಕ್ಕೆ ಕರೆತಂದೆ. ಎಣ್ಣೆ ತಿಕ್ಕಿ ಬಿಸಿನೀರು ಹಾಕಿಕೊಳ್ಳಿ ಎಂದು ಉಪದೇಶವನ್ನೂ ಮಾಡಿದೆ. ಅಷ್ಟಕ್ಕೇ ಬಿಡಲಿಲ್ಲ. ಮ್ಯಾನೇಜರ ಕೋಣೆಗೆ ನುಗ್ಗಿ, ಕಾಲು ಬಾರದ ಹೆಂಗಸನ್ನು ಹೀಗೆ ದುಡಿಸುವುದು ಯಾವ ನ್ಯಾಯ ಎಂದು ಕೇಳಿ, ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಮರುವಾರ ಫೋಟೊ ತೆಗೆಸಲು ಹೋದರೆ ಬಾಲಕ್ಕ ಟಿಕೆಟ್ ಕೌಂಟರಿನ ಗಾಜಿನ ಹಿಂದೆ ಕೂತಿದ್ದಾರೆ. ಮೆತ್ತನೆಯ ಕುರ್ಚಿ, ತಲೆ ಮೇಲೆ ಫ್ಯಾನು, ಮುಖ ಮಾತ್ರ ಬಾಡಿದೆ. ಅವರ ಬದಲು ಕೆಳಗೆ ಬಾಲವಾಗಿರುವುದು ಹೊಸ ಕಾವಲುಗಾರ. ಗೈಡ್ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ನೀವೂ ನಂಬಿದ್ರಾ ಸಾರ್? ಅಕ್ಕನ ಮೊಣಕಾಲು ನಂದಕ್ಕಿಂತ ಗಟ್ಟಿ!"

ಗುಟ್ಟು ಗೊತ್ತಾದಾಗ ನನ್ನ ಮುಖ ನೋಡುವಂತಿರಲಿಲ್ಲ. ನೆಲದಡಿಯಲ್ಲಿ ಎಂಥವರಿಗೂ ಒಮ್ಮೆ ಎದೆ ಹಾರುವುದುಂಟು. ಅದನ್ನು ಹೆಂಡತಿ ಮಕ್ಕಳ ಎದುರು, ನೆಂಟರ ಎದುರು ಒಪ್ಪಿಕೊಳ್ಳುವವರು ಕಡಿಮೆ. ಬಾಲಕ್ಕ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೀಗೆ ಬೆವರುತ್ತಿದ್ದ ಒಬ್ಬರಿಗೆ "ಹೆದರ್ಬೇಡಿ" ಎಂದದ್ದಕ್ಕೆ, ಅವರು ಅಳಿಯನ ಮುಂದೆ ಮಾನ ಹೋಯಿತೆಂದು ಕೂಗಾಡಿ ಇವರ ಕೆಲಸಕ್ಕೇ ಕುತ್ತು ತಂದಿದ್ದರು. ಸ್ವಲ್ಪ ದಿನದ ಮೇಲೆ ಮೆಟ್ಟಿಲಲ್ಲಿ ಜಾರಿ ಇವರ ಮೊಣಕಾಲಿಗೇ ಪೆಟ್ಟಾಯಿತು. ಪಕ್ಕದಲ್ಲಿ ಗಡಗಡ ನಡುಗುತ್ತಿದ್ದ ಹೆಂಗಸನ್ನೇ ಕೈ ಕೊಡಿ ಎಂದು ಕೇಳಿದರು.

"ನನ್ನನ್ನ ಹಿಡ್ಕೊಳ್ಳೋ ಗಡಿಬಿಡೀಲಿ ಆಯಮ್ಮನ ನಡುಕಾನೇ ನಿಂತೋಯ್ತು ಸಾರ್! ಅವತ್ತು ನಿಜವಾಗ್ಲೂ ನೋವಿತ್ತು. ಆಮೇಲೆ ವಾಸಿಯಾಯ್ತು, ಮಾತು ಮಾತ್ರ ಉಳ್ಕೊಳ್ತು."

ಯಾರಿಗಾಗಿ ಯಾವಾಗ ತಮ್ಮ ಮೊಣಕಾಲು ನೋಯಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. "ನಾನು ನೋಡೋದೆಲ್ಲ ಬೆನ್ನೇ ಅಲ್ವಾ. ಮುಖದಲ್ಲಿ ನಗ್ತಿರ್ತಾರೆ, ಬೆನ್ನು ಸೆಟೆದುಕೊಂಡಿರುತ್ತೆ. ಇನ್ನೂ ಎಷ್ಟು ದೂರ ಅಂತ ಎರಡು ಸಲ ಕೇಳಿದ್ರು ಅಂದ್ರೆ ನನಗೆ ನೋವು ಶುರು." ಆಗ ಕೀಲಿಗೊಂಚಲನ್ನು ಜೋರಾಗಿ ಅಲ್ಲಾಡಿಸುತ್ತಾರೆ. ಸದ್ದು ಕೇಳಿದ ಗೈಡ್ ಗುಂಪನ್ನು ತೊಟ್ಟಿಯ ಕೋಣೆಯಲ್ಲಿ ನಿಲ್ಲಿಸಿ, ಬಾಲಕ್ಕ ವಾಪಸ್ಸು ಬರುವ ತನಕ ಕಥೆ ಎಳೆಯುತ್ತಾರೆ. ಓಡಿಹೋದ ರಾಣಿ ಆ ದಿನ ಇನ್ನೂ ಎರಡು ಊರು ಸುತ್ತುತ್ತಾಳೆ.

ಕೆಲಸವೇನೂ ಸುಖದ್ದಲ್ಲ. ಗುತ್ತಿಗೆಯ ನೌಕರಿ, ಸಂಬಳ ಅಷ್ಟಕ್ಕಷ್ಟೇ. ತೇವಕ್ಕೆ ಕೆಮ್ಮು ಬಿಡುವುದಿಲ್ಲ, ಚಳಿಗಾಲದಲ್ಲಿ ಬಿಸಿಲಿಗೆ ಮೈಯೊಡ್ಡುವುದು ರಜೆಯ ದಿನ ಮಾತ್ರ. ಗಂಡ ಮನೆಯಲ್ಲೇ ಹೊಲಿಗೆ ಹಾಕುತ್ತಾರೆ. ಕಿವಿ ಮಂದವಾದರೂ ನಾಲಿಗೆ ಚುರುಕಾಗಿರುವ ಅತ್ತೆ, "ಎಲ್ರೂ ಒಂದೇ ಸಲ ಮಣ್ಣಿಗೆ ಹೋಗ್ತಾರೆ. ನಮ್ಮ ಸೊಸೆ ದಿನಾ ಹೋಗಿ ಬರ್ತಾಳೆ" ಎಂದು ನಗಿಸುತ್ತಾರೆ. ಕುರ್ಚಿಯ ಕೆಲಸ ಸಿಕ್ಕಿತೆಂದಾಗ ಮನೆಯವರೆಲ್ಲ ಹಿಗ್ಗಿದರು. ಬಾಲಕ್ಕನಿಗೆ ಮಾತ್ರ ಅನ್ನ ರುಚಿಸಲಿಲ್ಲ. "ಕೆಳಗೆ ಯಾರ ಬೆನ್ನು ಸೆಟೆದುಕೊಂಡಿದೆಯೋ ಅಂತ ಇಲ್ಲಿ ಕೂತು ಹೆಂಗೆ ಗೊತ್ತಾಗ್ಬೇಕು? ನನ್ನನ್ನ ಕೆಳಗೆ ಬಿಟ್ರೆ ಸಾಕು ಸಾರ್."

ಮ್ಯಾನೇಜರ್ ಕೆಟ್ಟವರಲ್ಲ. ಕಳೆದ ವರ್ಷ ಬಂದವರು, ದೂರುಗಳೆಂದರೆ ಆಗದು. ನನ್ನ ಹಾಗೆ ಬಾಲಕ್ಕನನ್ನು ಕೈ ಹಿಡಿದು ಮೇಲೆ ತಂದವರೆಲ್ಲ ಅವರ ಮೇಜು ಗುದ್ದಿ ಹೋಗಿದ್ದರು. ಕೊನೆಗೆ ಪತ್ರಿಕೆಯವನೂ ಗುದ್ದಿದ ಮೇಲೆ ಅವರು ಇನ್ನೇನು ಮಾಡಿಯಾರು? ನಾನು ಹೋಗಿ ನಿಜ ಹೇಳಿದೆ. ಬಾಲಕ್ಕ ಆಗಲೇ ಹೇಳಿದ್ದರಂತೆ. "ಅದಕ್ಕೇ ಬೋರ್ಡ್ ಹಾಕ್ಸಿದೀನಲ್ಲ ಸಾರ್" ಎಂದು ಮ್ಯಾನೇಜರ್ ಗೇಟಿನತ್ತ ಕೈ ತೋರಿಸಿದರು. 'ಭಯವಾದವರು ಸಿಬ್ಬಂದಿಗೆ ತಿಳಿಸತಕ್ಕದ್ದು' ಎಂದು ಹೊಸ ಬಣ್ಣದಲ್ಲಿ ಬರೆದಿತ್ತು. ಅದುವರೆಗೆ ಒಬ್ಬರೂ ತಿಳಿಸಿರಲಿಲ್ಲ.

ನಾವು ಮಾತಾಡುತ್ತಿದ್ದಾಗಲೇ ಕೆಳಗಿನಿಂದ ವಾಕಿಟಾಕಿಯಲ್ಲಿ ಗೈಡಿನ ದನಿ ಬಂತು. ಇಕ್ಕಟ್ಟಿನ ಬಾಯಲ್ಲಿ ಒಬ್ಬರು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾರೆ, ಏಳುತ್ತಿಲ್ಲ. ಅವರ ಹಿಂದಿನವರು ಮುಂದೆ ಬರುವಂತಿಲ್ಲ, ಮುಂದಿನವರು ಹಿಂದೆ ಹೋಗುವಂತಿಲ್ಲ. ಗೇಟಿನಲ್ಲಿ ಬೋರ್ಡು ಓದಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಭಾರೀ ಆಳು ಅವರೇ. ಹೊಸ ಕಾವಲುಗಾರ "ಹೆದರ್ಬೇಡಿ ಸಾರ್, ಎದ್ದೇಳಿ" ಎಂದನಂತೆ. "ಯಾರಯ್ಯಾ ಹೆದರಿದ್ದು?" ಎಂದು ಗುಡುಗಿ ಅವರು ಇನ್ನೂ ಭದ್ರವಾಗಿ ಕೂತರಂತೆ. ಹಿಂದೆ ಮಕ್ಕಳು ಅಳತೊಡಗಿದ್ದವು.

ಮ್ಯಾನೇಜರ್ ಯಾರಿಗೆ ಫೋನ್ ಮಾಡುವುದೆಂದು ತಡಕಾಡುವಷ್ಟರಲ್ಲಿ ಕೌಂಟರು ಖಾಲಿ. ಟಿಕೆಟಿಗೆ ನಿಂತವರನ್ನು ನಿಂತಂತೆಯೇ ಬಿಟ್ಟು ಬಾಲಕ್ಕ ಸೀರೆ ಎತ್ತಿ ಕಟ್ಟಿ ದಡದಡ ಮೆಟ್ಟಿಲಿಳಿದರು. ಕೆಳಗೆ ನಡೆದದ್ದನ್ನು ಗೈಡ್ ಆಮೇಲೆ ಹೇಳಿದರು. ನಾನು ಗೇಟಿನ ಬಳಿಯೇ ನಿಂತಿದ್ದೆ. ಯಾಕೆಂದು ಓದುಗರಿಗೆ ಹೇಳಬೇಕಾಗಿಲ್ಲ.

ನೆರೆದವರನ್ನು ದಾಟಿ ಹೋದ ಬಾಲಕ್ಕ ಆ ಮನುಷ್ಯರಿಗೆ ಒಂದೂ ಬುದ್ಧಿಮಾತು ಹೇಳಲಿಲ್ಲ. "ಸ್ವಲ್ಪ ಜಾಗ ಕೊಡಿ ಅಣ್ಣಾ" ಎಂದು ಪಕ್ಕದಲ್ಲೇ ಕುಸಿದು ಕೂತರು. ಮೊಣಕಾಲು ನೀವಿಕೊಂಡರು. "ಇಳಿಯೋದೇನೋ ಇಳಿದ್ಬಿಟ್ಟೆ. ಹತ್ತೋಕಾಗ್ತಿಲ್ಲ. ಇಲ್ಲಿ ನಿಮ್ಮಷ್ಟು ಗಟ್ಟಿ ಆಳು ಬೇರೆ ಯಾರೂ ಕಾಣ್ಸಲ್ಲ."

ಅವರು ಇವರ ಮುಖ ನೋಡಿದರು, ಕಾಲು ನೋಡಿದರು. "ಮೊದ್ಲೇ ಹೇಳ್ಬಾರ್ದಾ ತಾಯಿ" ಎಂದು ಎದ್ದೇಬಿಟ್ಟರು.

ಮೇಲೆ ಬಂದಾಗ ಅವರ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಆದರೆ ನಡಿಗೆ ಗತ್ತಿನದು. ಬಾಲಕ್ಕನನ್ನು ಬೆಂಚಿನ ಮೇಲೆ ಕೂರಿಸಿ ನೇರ ಮ್ಯಾನೇಜರ ಮುಂದೆ ನಿಂತರು. "ಏನ್ರೀ, ನಿಮಗೆ ಮನುಷ್ಯತ್ವ ಇದೆಯೇನ್ರೀ? ಇಂಥೋರನ್ನ ಕೆಳಗೆ ಕಳಿಸ್ತೀರಲ್ಲ! ನಾನಿರ್ಲಿಲ್ಲ ಅಂದಿದ್ರೆ ಈಯಮ್ಮನ ಗತಿ ಏನಾಗ್ತಿತ್ತು?"

ಮ್ಯಾನೇಜರ್ ಬಾಯಿ ತೆರೆದರು. ಇವರು ಕೌಂಟರಿನವರು, ನಿಮ್ಮನ್ನು ಕರೆತರಲೆಂದೇ ಓಡಿ ಇಳಿದವರು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಬಾಲಕ್ಕ ಮೊಣಕಾಲು ಹಿಡಿದುಕೊಂಡು ಮ್ಯಾನೇಜರನ್ನೇ ನೋಡುತ್ತಿದ್ದರು. ಆ ಮನುಷ್ಯರ ಹೆಂಡತಿ, ಮೊಮ್ಮಕ್ಕಳು ಒಬ್ಬೊಬ್ಬರಾಗಿ ಮೇಲೆ ಬಂದು ಸುತ್ತ ನಿಂತರು.

ಮ್ಯಾನೇಜರ್ ಎರಡೂ ಕೈ ಜೋಡಿಸಿದರು. "ತಪ್ಪಾಯ್ತು ಸಾರ್. ನೀವಿದ್ರಿ, ಬಚಾವಾದ್ವಿ."

ಆ ಸಂಜೆಯೇ ಬೋರ್ಡು ಇಳಿಯಿತು. ಮರುದಿನ ಬೆಳಿಗ್ಗೆ ಗೇಟಿನ ಕೀಲಿಗೊಂಚಲು ಬಾಲಕ್ಕನ ಸೊಂಟದಲ್ಲಿತ್ತು. ಈಗ ವಾರಕ್ಕೆ ಎರಡು ಮೂರು ಸಲವಾದರೂ ಮ್ಯಾನೇಜರ್ ಬೈಸಿಕೊಳ್ಳುತ್ತಾರೆ. ಚೆನ್ನಾಗಿಯೇ ಬೈಸಿಕೊಳ್ಳುತ್ತಾರೆ, ತಲೆ ತಗ್ಗಿಸುವುದನ್ನೂ ಕಲಿತಿದ್ದಾರೆ.

ಇಷ್ಟನ್ನೂ ಬರೆದರೆ ನಿಮ್ಮ ಗುಟ್ಟು ರಟ್ಟಾಗುವುದಿಲ್ಲವೇ ಎಂದು ನಾನು ಕೇಳಿದೆ. ಬಾಲಕ್ಕ ಒದ್ದೆ ಬಟ್ಟೆ ಹಿಂಡುತ್ತಾ ನಕ್ಕರು.

"ಬರೀರಿ ಸಾರ್. ಹೆದರಿಕೆ ಬಂದಾಗ ಓದಿದ್ದು ಯಾರಿಗೆ ನೆನಪಿರುತ್ತೆ? ನೆನಪಿದ್ರೂ ಒಳ್ಳೇದೇ. ನಾಟಕ ಅಂತ ಗೊತ್ತಿದ್ದೂ ಕೈ ಕೊಟ್ರು ಅಂದ್ರೆ, ನಾನು ಕುಂಟೋದು ಬಿಟ್ಟು ಅವರ ಜೊತೆ ಆರಾಮಾಗಿ ನಡ್ಕೊಂಡು ಬರ್ತೀನಿ."