ಕಾರ್ಡ್ ಏಳಲು ಹತ್ತು ಮಿಲಿಸೆಕೆಂಡ್

ಗೆಳೆಯರೇ, ಕ್ಲೀನಿಂಗ್ ಎಂದರೆ ಏನೆಂದು ನನಗೆ ಇವತ್ತು ಅರ್ಥವಾಯಿತು.

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಸೀನಿಯರ್ ಇಂಜಿನಿಯರ್ ಪ್ರಶಾಂತ್, ನೆಟ್‌ವರ್ಕ್ ಕಾರ್ಡನ್ನು ನಡೆಸುವ ಹಳೆಯ ಡ್ರೈವರ್ ಕೋಡನ್ನು ಚೊಕ್ಕ ಮಾಡಿ ನನಗೆ ರಿವ್ಯೂಗೆ ಕಳಿಸಿದ್ದರು. "ಏನೂ ಬದಲಾಗಿಲ್ಲ, ಬರೀ ಕ್ಲೀನಿಂಗ್" ಎಂಬ ಒಕ್ಕಣೆ ಬೇರೆ. ವಿಜಯನಗರದ ಮನೆಯಲ್ಲಿ ಕಾಫಿ ಹಿಡಿದು ಕೂತು ನೋಡಿದೆ. "ಕೆಳಗಿನ ಸಾಲು ತೆಗೆಯಬೇಡಿ, ಕಾರ್ಡ್ ಏಳಲು ಹತ್ತು ಮಿಲಿಸೆಕೆಂಡ್ ಕಾಯಬೇಕು" ಎಂದು ಕೋಡ್ ಓದುವವರಿಗೆಂದು ನಾನೇ ಹಿಂದೆ ಅದರೊಳಗೆ ಬರೆದಿಟ್ಟ ಕಾಮೆಂಟ್ ಹಾಗೇ ಇತ್ತು. ಕೆಳಗಿನ ಸಾಲು ಮಾತ್ರ ಮಾಯ!

ರಾಜರಾಜೇಶ್ವರಿನಗರದ ಅವರ ಮನೆಗೆ ಫೋನ್ ಹಚ್ಚಿದೆ. "ಆ ಸಾಲು ಯಾಕೆ ತೆಗೆದ್ರಿ ಪ್ರಶಾಂತ್?"

"ಸುಮ್ನೆ ಕಾಯ್ತಾ ಕೂತಿತ್ತು ಮೇಡಂ, ವೇಸ್ಟ್ ಅನ್ನಿಸ್ತು."

"ಮೇಲಿರೋ ಕಾಮೆಂಟ್ ಓದ್ಲಿಲ್ವಾ?"

"ಓದ್ದೆ ಮೇಡಂ. ಮಾರ್ಜಿನ್ ಸ್ವಲ್ಪ ಸೊಟ್ಟಗಿತ್ತು, ನೆಟ್ಟಗೆ ಮಾಡಿದೀನಿ ನೋಡಿ."

ಫೋನ್ ಹಿಡಿದೇ ಅವರ ಪ್ಯಾಚನ್ನು, ಅಂದರೆ ತಿದ್ದಿ ಕಳಿಸಿದ ಕೋಡನ್ನು, ಟೆಸ್ಟ್ ಮಶೀನಿಗೆ ಹಾಕಿದೆ. ಕಾರ್ಡ್ ಏಳಲೇ ಇಲ್ಲ.

"ಇದು ಹೀಗೇ ಹೋದ್ರೆ ಕಸ್ಟಮರ್ ಹತ್ರ ಒಂದು ಮಶೀನಲ್ಲೂ ನೆಟ್ ಬರಲ್ಲ ಕಣ್ರೀ. ಕಾಮೆಂಟ್ ಒಂದು ಹೇಳತ್ತೆ, ಕೋಡ್ ಇನ್ನೊಂದು ಮಾಡತ್ತೆ. ಮೊದಲು ಸರಿ ಮಾಡಿ" ಎಂದೆ.

"ಈಗಲೇ ಮಾಡ್ತೀನಿ ಮೇಡಂ."

ಹತ್ತೇ ನಿಮಿಷದಲ್ಲಿ ಹೊಸ ಪ್ಯಾಚ್ ಬಂತು. ಪುಣ್ಯಾತ್ಮ ಆ ಕಾಮೆಂಟನ್ನೂ ಕಿತ್ತು ಹಾಕಿದ್ದರು! ಜೊತೆಗೆ ಮೆಸೇಜು: "ಈಗ ಎರಡೂ ಮ್ಯಾಚ್ ಆಯ್ತಲ್ಲ ಮೇಡಂ?"

ಕಾರ್ಡ್ ಏಳಲು ಹತ್ತು ಮಿಲಿಸೆಕೆಂಡ್ ಸಾಕು. ಈ ಮನುಷ್ಯ ಏಳಲು ಎಷ್ಟು ಕಾಯಬೇಕೆಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ.