ನ್ಯಾಯಾಧೀಶರು ಪುಟ ಕೇಳಿದಾಗ

2014ರ ಮಾರ್ಚ್, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಸಿಯಾಟಲ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯದಲ್ಲಿ ನನ್ನ ಸೊಸೆ ವಾದಿಸುತ್ತಿದ್ದಳು. ಸೋತರೆ, ನನ್ನ ಪಕ್ಕ ಕುಳಿತಿದ್ದ ಅವಳ ಕಕ್ಷಿದಾರಳು ಇಬ್ಬರು ಮಕ್ಕಳನ್ನು ಬಿಟ್ಟು ದೇಶದಿಂದ ಹೊರಹೋಗಬೇಕಿತ್ತು.

ವಾದಕ್ಕೆ ಕೊಟ್ಟ ಅವಧಿ ಮುಗಿಯಲು ಒಂದೇ ನಿಮಿಷವಿತ್ತು. ನಲವತ್ತು ವರ್ಷಗಳಿಂದ ಆ ಪೀಠದಲ್ಲಿರುವ ವೃದ್ಧ ನ್ಯಾಯಾಧೀಶರು, "ನಿಮ್ಮ ಕಕ್ಷಿದಾರಳ ಈ ಹೇಳಿಕೆ ಯಾವ ಪುಟದಲ್ಲಿದೆ?" ಎಂದರು. ಸೊಸೆ ಹಾಳೆ ಮಗುಚಿದಳು, ಸಿಗಲಿಲ್ಲ. ನಾನು ತಟ್ಟನೆ ಎದ್ದು ನಿಂತೆ. ಮೈಸೂರಿನ ಕೋರ್ಟಿನಲ್ಲಿ ಮೂವತ್ತು ವರ್ಷ ನ್ಯಾಯಾಧೀಶರಿಗೆ ಕಡತ ತೆಗೆದುಕೊಡುವ ಬೆಂಚ್ ಕ್ಲರ್ಕ್ ಆಗಿದ್ದವನಿಗೆ, ನ್ಯಾಯಾಧೀಶರು ಪುಟ ಕೇಳಿದರೆ ಕುಳಿತಿರಲು ಬರುವುದಿಲ್ಲ. ಕಾವಲುಗಾರ ನನ್ನತ್ತ ಧಾವಿಸಿದ.

"ಏನಾಗಬೇಕು ನಿಮಗೆ?" ನ್ಯಾಯಾಧೀಶರ ದನಿ ಗಡುಸಾಗಿತ್ತು.

"ಕ್ಷಮಿಸಿ, ಕೋರ್ಟ್ ಗುಮಾಸ್ತನಾಗಿದ್ದೆ. ಅಭ್ಯಾಸ."

ಅವರು ಕನ್ನಡಕ ತೆಗೆದರು. "ನಾನೂ ಒಬ್ಬ ನ್ಯಾಯಾಧೀಶರ ಗುಮಾಸ್ತನಾಗಿಯೇ ಶುರುಮಾಡಿದವನು. ಕುಳಿತುಕೊಳ್ಳಿ."

ಅಷ್ಟರಲ್ಲಿ ಸೊಸೆಗೆ ಪುಟ ಸಿಕ್ಕಿತು, ಆದರೆ ಅವಧಿ ಮುಗಿದ ಕೆಂಪು ದೀಪವೂ ಹೊತ್ತಿತು. "ಪರವಾಗಿಲ್ಲ, ಓದಿ" ಎಂದರು ಅವರು.

ಹೊರಗೆ ಬಂದೊಡನೆ ಸೊಸೆ, "ಮಾವ, ನನ್ ಹಾರ್ಟೇ ನಿಂತೋಯ್ತು! ನೆಕ್ಸ್ಟ್ ಟೈಮ್ ನಿಮ್ಗೆ ಸೀಟ್ ಬೆಲ್ಟ್ ಹಾಕಿ ಕೂರಿಸ್ತೀನಿ" ಎಂದಳು.

ತೀರ್ಪು ಅಂದು ಬರಲಿಲ್ಲ. ಆ ಹೇಳಿಕೆಯನ್ನು ಅವರು ಪೂರ್ತಿ ಕೇಳಿದರು ಎಂಬುದಷ್ಟೇ ನಮಗೆ ಉಳಿದದ್ದು. ಸಂಜೆ ಆ ತಾಯಿಯನ್ನು ಸಿಯಾಟಲ್ ಪಕ್ಕದ ಲಿನ್‌ವುಡ್‌ನ ಮನೆಗೆ ತಲುಪಿಸಿ, ಮಕ್ಕಳು ಬಾಗಿಲು ತೆರೆಯುವವರೆಗೆ ಕಾದು ಹೊರಟೆವು.